ನಾಲ್ಕು ಲೋಟ ಟೀ

ನಮ್ಮ ಮನೆಯಲ್ಲಿ ಒಂದು ಟೇಬಲ್ ಫ್ಯಾನ್ ಇದೆ. ಅದರ ಕತ್ತು ಎಡಕ್ಕೆ ತಿರುಗುತ್ತದೆ, ಬಲಕ್ಕೆ ವಾಪಸ್ಸು ಬರುವುದಿಲ್ಲ. ಎಡಕ್ಕಿರುವುದು ಗೋಡೆ. ಹೀಗಾಗಿ ಐವತ್ತು ವರ್ಷಗಳಿಂದ ಅದು ತಪ್ಪದೆ ನಮ್ಮ ಗೋಡೆಗೆ ಗಾಳಿ ಹಾಕುತ್ತಾ ಬಂದಿದೆ. ಚೆನ್ನೈಯ ಮೇ ತಿಂಗಳಲ್ಲಿ ನಮ್ಮ ಮನೆಯಲ್ಲಿ ತಣ್ಣಗಿರುವ ವಸ್ತು ಎಂದರೆ ಆ ಗೋಡೆಯೊಂದೇ. ಬಂದವರೆಲ್ಲ ‘ಇದನ್ನ ಯಾಕೆ ಇಟ್ಕೊಂಡಿದ್ದೀರಿ?’ ಎಂದು ಕೇಳುತ್ತಾರೆ. ಕೇಳಿದರೆ ಕಥೆ ಹೇಳಬೇಕಾಗುತ್ತದೆ.

ಅದನ್ನು ಕೊಂಡು ತಂದವರು ನಮ್ಮಪ್ಪ, ಪಲ್ಲಾವರಂನ ಶುಕ್ರವಾರದ ಸಂತೆಯಲ್ಲಿ. ಹಳೇ ಸೈಕಲ್ಲು, ಹಳೇ ಗಡಿಯಾರ, ಹಳೇ ಬಾಗಿಲು, ಯಾರದೋ ಮನೆಯ ಹಳೇ ನಾಮಫಲಕ, ಆ ಸಂತೆಯಲ್ಲಿ ಸಿಗದ್ದಿಲ್ಲ. ಅಪ್ಪ ಪೆರಂಬೂರಿನ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವರು. ರೈಲಿನ ಗಾಲಿಯನ್ನು ಬಿಚ್ಚಿ ಜೋಡಿಸುವ ಮನುಷ್ಯನಿಗೆ ಒಂದು ಫ್ಯಾನಿನ ಹಲ್ಲು ಸವೆದದ್ದು ತಿಳಿಯದೆ ಹೋಗುತ್ತದೆಯೇ? ಕತ್ತು ತಿರುಗಿಸಿ ನೋಡಿದ್ದಾರೆ, ‘ಹೋಗಿದೆ’ ಎಂದು ಕೆಳಗಿಟ್ಟಿದ್ದಾರೆ, ಎದ್ದು ಹೊರಟಿದ್ದಾರೆ. ಆಗ ಹಿಂದಿನಿಂದ ಅಂಗಡಿಯವನು ಕೂಗಿದನಂತೆ: “ಯಾಕ್ ಸ್ವಾಮಿ, ಬ್ಯಾಡ್ವಾ?”

ಅಷ್ಟೇ. ಅವನು ಗುಂಡ್ಲುಪೇಟೆಯವನು. ನಮ್ಮಪ್ಪ ಯಳಂದೂರಿನವರು. ಇಬ್ಬರೂ ಆ ಬಿಸಿಲಲ್ಲಿ ಅರ್ಧ ಗಂಟೆ ನಿಂತು ಊರ ಕಡೆಯ ಅವರೆಕಾಯಿಯ ಬಗ್ಗೆ ಮಾತಾಡಿದರು. ಅಪ್ಪ ಅವನು ಹೇಳಿದ ಬೆಲೆಯನ್ನೇ ಕೊಟ್ಟು ಫ್ಯಾನನ್ನು ತೊಡೆಯ ಮೇಲಿಟ್ಟುಕೊಂಡು ಲೋಕಲ್ ರೈಲಿನಲ್ಲಿ ಕೂತು, ಪಾರ್ಕ್ ಸ್ಟೇಷನ್ನಿನಲ್ಲಿ ಇಳಿದು, ರಸ್ತೆ ದಾಟಿ, ಇನ್ನೊಂದು ರೈಲು ಹಿಡಿದು ಮನೆಗೆ ತಂದರು. ಅಮ್ಮ ಸ್ವಿಚ್ಚು ಹಾಕಿ ನೋಡಿ “ಇದು ತಿರುಗಾಕಿಲ್ವಲ್ಲ?” ಎಂದಳು. ಅಪ್ಪ ಶರ್ಟು ಬಿಚ್ಚುತ್ತಾ, “ಅವ್ನು ಗುಂಡ್ಲುಪೇಟ್ಯಾವ್ನು ಕನ” ಎಂದರು. ಪ್ರಶ್ನೆಗೂ ಉತ್ತರಕ್ಕೂ ಏನು ಸಂಬಂಧ ಎಂದು ಅಮ್ಮ ಕೇಳಲಿಲ್ಲ. ಅವಳಿಗೂ ಆ ಸಂಬಂಧ ಗೊತ್ತಿತ್ತು.

ಹೊರನಾಡಿನಲ್ಲಿ ಬದುಕುವವರಿಗೆ ಮಾತ್ರ ಬರುವ ಕಾಯಿಲೆ ಇದು. ಬಸ್ಸಿನಲ್ಲಿ, ಆಸ್ಪತ್ರೆಯಲ್ಲಿ, ತರಕಾರಿ ಗಾಡಿಯ ಹತ್ತಿರ ಎಲ್ಲಿಂದಲಾದರೂ ಒಂದು ಕನ್ನಡ ಮಾತು ಕಿವಿಗೆ ಬಿದ್ದರೆ ಸಾಕು, ನಮ್ಮ ಕಾಲು ಅತ್ತ ತಿರುಗುತ್ತದೆ, ಅದರ ಹಿಂದೆಯೇ ಬುದ್ಧಿ ಎತ್ತಲೋ ಹೊರಡುತ್ತದೆ. ಹೀಗೆ ನಾನು ಕೊಂಡ ವಸ್ತುಗಳಲ್ಲಿ ಒಂದು ತೆರೆದರೆ ಮುಚ್ಚದ ಛತ್ರಿ, ಒಂದು ಎಡಗಾಲಿನ ಅಳತೆಯೇ ಬೇರೆಯಾಗಿದ್ದ ಚಪ್ಪಲಿ ಜೊತೆ, ಮತ್ತು ನನಗಾಗಲಿ ನನ್ನ ಹೆಂಡತಿಗಾಗಲಿ ಇಲ್ಲದ ಒಂದು ಕಾಯಿಲೆಗೆ ಆರು ತಿಂಗಳ ಲೇಹ್ಯ ಸೇರಿವೆ. ಮಾರಿದವರೆಲ್ಲ ನಮ್ಮವರು.

ಇದೆಲ್ಲ ಸಣ್ಣ ಪುಟ್ಟ ವಿಷಯ. ದೊಡ್ಡ ವಿಷಯದಲ್ಲಿ ನಾನು ಮೋಸ ಹೋಗುವವನಲ್ಲ ಎಂದು ನನಗೆ ಬಹಳ ನಂಬಿಕೆ ಇತ್ತು. ಕಾರಣ, ನಾನು ಮೂವತ್ತೈದು ವರ್ಷ ಸರ್ವೇಯರ್ ಆಗಿದ್ದವನು. ಜಮೀನು ಅಳೆಯುವ ಸರ್ವೇಯರ್ ಅಲ್ಲ, ವಿಮೆಯ ಸರ್ವೇಯರ್. ಎಲ್ಲಾದರೂ ಬೆಂಕಿ ಬಿದ್ದರೆ, ನೀರು ನುಗ್ಗಿದರೆ, ‘ನಷ್ಟ ಇಷ್ಟು’ ಎಂದು ಮಾಲೀಕ ಹೇಳುವುದನ್ನು ಕೇಳಿಸಿಕೊಂಡು, ‘ಅಷ್ಟಿಲ್ಲ’ ಎಂದು ಬರೆಯುವುದು ನನ್ನ ಕೆಲಸ. ಅನುಮಾನಕ್ಕೆ ಸಂಬಳ ಕೊಡುವ ಕಸುಬು ಜಗತ್ತಿನಲ್ಲಿ ಎಷ್ಟಿದ್ದಾವು ಹೇಳಿ.

ಒಮ್ಮೆ ಬೀಚ್ ಸ್ಟೇಷನ್ನಿನ ಹತ್ತಿರ ಒಂದು ಸಕ್ಕರೆ ಗೋದಾಮು ಸುಟ್ಟಿತ್ತು. ಮಾಲೀಕ ಎದೆ ಎದೆ ಬಡಿದುಕೊಂಡು ಅಳುತ್ತಿದ್ದ. ಸೂರು ಮುಟ್ಟುವಷ್ಟು ಮೂಟೆ ಇತ್ತಂತೆ. ನಾನು ಒಳಗೆಲ್ಲ ಒಂದು ಸುತ್ತು ಹಾಕಿ ಬಂದೆ. ಅಷ್ಟು ಸಕ್ಕರೆ ಸುಟ್ಟಿದ್ದರೆ ಇಡೀ ಬೀದಿ ಪಾಕದ ವಾಸನೆ ಹೊಡೆಯಬೇಕಿತ್ತು. ನನ್ನ ಚಪ್ಪಲಿ ಎಲ್ಲಾದರೂ ಒಂದು ಕಡೆ ನೆಲಕ್ಕೆ ಅಂಟಬೇಕಿತ್ತು, ಅಂಟಲಿಲ್ಲ. ಎದುರಿಗಿದ್ದ ಟೀ ಅಂಗಡಿಗೆ ಹೋಗಿ ಕೇಳಿದೆ. ಹಮಾಲಿಗಳು ಟೀ ಕುಡಿಯಲು ಬಂದು ಎರಡು ತಿಂಗಳಾಗಿದೆ ಎಂದ ಅಂಗಡಿಯವನು. ಗೋದಾಮು ಖಾಲಿ ಇತ್ತು ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಕಾಗಲಿಲ್ಲ. ಅಂದಿನಿಂದ ಇದು ನನ್ನ ಸೂತ್ರವಾಯಿತು. ಕಂಪನಿಯ ಲೆಕ್ಕವನ್ನು ಮಾಲೀಕ ಬರೆಯುತ್ತಾನೆ, ಟೀ ಲೆಕ್ಕವನ್ನು ಟೀಯವನು ಬರೆಯುತ್ತಾನೆ, ಎರಡನೆಯದನ್ನು ನಂಬಬೇಕು. ಈ ಸೂತ್ರವನ್ನು ನಾನು ಎಷ್ಟು ಜನಕ್ಕೆ, ಎಷ್ಟು ಮದುವೆ ಊಟದ ಪಂಕ್ತಿಯಲ್ಲಿ ಹೇಳಿದ್ದೇನೆ ಎನ್ನುವುದಕ್ಕೆ ಲೆಕ್ಕವಿಲ್ಲ.

ಇನ್ನು ನಮ್ಮ ಬಳಗದ ವಿಷಯ. ಪೆರಂಬೂರಿನ ಸುತ್ತಮುತ್ತ ಇರುವ ಇಪ್ಪತ್ತು ಕನ್ನಡದ ಮನೆಗಳವರು ತಿಂಗಳಿಗೊಂದು ಭಾನುವಾರ ಯಾರದಾದರೂ ಮಹಡಿಯ ಮೇಲೆ ಸೇರಿ ಬಿಸಿಬೇಳೆಬಾತು ತಿಂದು ಕನ್ನಡ ಉಳಿಸುತ್ತೇವೆ. ಅಲ್ಲಿ ಒಂದು ದಂಡದ ಡಬ್ಬಿ ಇದೆ. ಬಳಗದಲ್ಲಿ ಯಾರೇ ತಮಿಳು ಪದ ಆಡಿದರೂ ಒಂದಕ್ಕೆ ಹತ್ತು ರೂಪಾಯಿಯಂತೆ ಡಬ್ಬಿಗೆ ಹಾಕಬೇಕು. ಆ ಹಣದಿಂದ ನವೆಂಬರಿನಲ್ಲಿ ರಾಜ್ಯೋತ್ಸವ. ಇಂಗ್ಲಿಷಿಗೆ ದಂಡವಿಲ್ಲ, ಇದ್ದಿದ್ದರೆ ಯಾರೂ ಬಾಯಿ ತೆರೆಯುವ ಹಾಗಿರಲಿಲ್ಲ.

ಈಚಿನ ತಿಂಗಳುಗಳಲ್ಲಿ ಡಬ್ಬಿಗೆ ಒಂದು ಕಾಸೂ ಬೀಳದಂತಾಯಿತು. ಕನ್ನಡ ಸುಧಾರಿಸಿತೆಂದು ಸಂತೋಷಪಡಬೇಡಿ. ಎಲ್ಲರೂ ಷೇರು ಮಾರುಕಟ್ಟೆಯ ವಿಷಯ ಮಾತಾಡತೊಡಗಿದ್ದರು, ಅದಕ್ಕೆ ಬೇಕಾದ ಪದಗಳೆಲ್ಲ ಇಂಗ್ಲಿಷಿನವು. ಇದನ್ನು ಶುರು ಮಾಡಿದವನು ನನ್ನ ಬಾಲ್ಯದ ಗೆಳೆಯ ರಂಗನಾಥ. ಬ್ಯಾಂಕಿನಲ್ಲಿ ಅಧಿಕಾರಿಯಾಗಿದ್ದು ಜೀವಮಾನವೆಲ್ಲ ಬೇರೆಯವರ ಸಾಲದ ಅರ್ಜಿಗಳನ್ನು ತಿರಸ್ಕರಿಸಿದವನು. ನಿವೃತ್ತನಾದ ಮೇಲೆ ಅವನ ಎಚ್ಚರಿಕೆಯೂ ನಿವೃತ್ತವಾಯಿತೆಂದು ಕಾಣುತ್ತದೆ.

“ಲೋ ಶ್ರೀಕಂಠಾ, ಈ ಕಂಪನಿ ಷೇರು ತಗೋ. ಕಂಡಿಪ್ಪಾ ಡಬಲ್ ಆಗತ್ತೆ” ಎಂದ. ಖಂಡಿತ ಎನ್ನುವುದಕ್ಕೆ ‘ಕಂಡಿಪ್ಪಾ’ ಎಂದದ್ದಕ್ಕೆ ತಾನೇ ಹತ್ತು ರೂಪಾಯಿ ತೆಗೆದು ಡಬ್ಬಿಗೆ ಹಾಕಿದ. ಅಷ್ಟು ಖಚಿತವಾಗಿತ್ತು ಅವನಿಗೆ.

ಕಂಪನಿಯ ಹೆಸರು ನಾನು ಹೇಳುವುದಿಲ್ಲ. ಹೇಳಿದರೆ ನಿಮ್ಮಲ್ಲೇ ಯಾರಾದರೂ ‘ಈಗ ಅಗ್ಗಕ್ಕೆ ಸಿಗುತ್ತಲ್ಲ’ ಎಂದು ಕೊಂಡುಬಿಟ್ಟೀರಿ. ಅದು ಚೆನ್ನೈಯಂಚಿನ ಮಣಲಿಯಲ್ಲಿ ತಲೆಗೆ ಹಚ್ಚುವ ಎಣ್ಣೆಯ ಬಾಟಲಿಗೆ ನೀಲಿ ಮುಚ್ಚಳ ತಯಾರಿಸುವ ಪುಟ್ಟ ಕಾರ್ಖಾನೆ. ಬಹಳ ವರ್ಷ ಮುಚ್ಚಳ ಮಾಡಿಕೊಂಡು ಮರ್ಯಾದೆಯಾಗಿ ಇತ್ತು. ಆಮೇಲೆ ಹೆಸರಿನ ಕೊನೆಗೆ ‘ಟೆಕ್’ ಸೇರಿಸಿಕೊಂಡಿತು. ಷೇರಿನ ಬೆಲೆ ಏರಿತು. ಸ್ವಲ್ಪ ದಿನಕ್ಕೆ ಹೆಸರಿನ ಮೊದಲಿಗೆ ‘ಗ್ರೀನ್’ ಬಂತು, ಮತ್ತೆ ಏರಿತು. ಕಡೆಗೆ ನಡುವೆ ಎಲ್ಲೋ ‘ಎಐ’ ತೂರಿಸಿದರು. ಆಗಂತೂ ಕೈಗೆ ಸಿಗದ ಹಾಗೆ ಹಾರಿತು. ಮುಚ್ಚಳ ಮಾತ್ರ ಅದೇ ನೀಲಿ ಮುಚ್ಚಳ.

ಇಷ್ಟಕ್ಕೇ ನಮ್ಮ ಬಳಗ ಬೀಳುತ್ತಿರಲಿಲ್ಲ. ಬೀಳಿಸಿದ್ದು ಹನ್ನೊಂದು ಸೆಕೆಂಡಿನ ಒಂದು ವಿಡಿಯೊ. ಕಂಪನಿಯ ವಾರ್ಷಿಕ ಸಭೆಯಲ್ಲಿ ಅದರ ಯಜಮಾನರು ಒಂದು ಗಂಟೆ ಇಂಗ್ಲಿಷಿನಲ್ಲಿ ಮಾತಾಡಿ, ನಡುವೆ ಕೈಮುಗಿದು, “ಕನ್ನಡದ ಬಂಧುಗಳಿಗೆ ನಮಸ್ಕಾರ. ನಾನು ಮಂಡ್ಯದ ಹಳ್ಳಿ ಹುಡುಗ. ನಂಬಿಕೆ ಇರಲಿ” ಎಂದಿದ್ದರು. ಹುಡುಗನಿಗೆ ಅರವತ್ತು ದಾಟಿತ್ತು, ತಲೆಗೆ ಬಣ್ಣ ಹಚ್ಚಿದ್ದ. ಆದರೂ ಆ ಹನ್ನೊಂದು ಸೆಕೆಂಡು ಇಪ್ಪತ್ತು ಮನೆಗಳ ಫೋನಿನಲ್ಲೂ ಬೆಳಗಿನ ಸುಪ್ರಭಾತವಾಯಿತು. ನಮ್ಮ ಬಳಗದ ಹಿರಿಯರಾದ ಕಮಲಮ್ಮನವರು ಕಣ್ಣೊರೆಸಿಕೊಂಡು, “‘ಹಳ್ಳಿ’ ಅನ್ನೋವಾಗ ಎಷ್ಟು ಚೆನ್ನಾಗಿ ಅಂದ ನೋಡಿ. ಇಂಥೋನು ಮೋಸ ಮಾಡ್ತಾನಾ?” ಎಂದರು. ಕಂಪನಿಯ ಲಾಭ ನಷ್ಟದ ಪಟ್ಟಿಯನ್ನು ಯಾರೂ ತೆರೆದು ನೋಡಲಿಲ್ಲ. ಅದು ಕನ್ನಡದಲ್ಲಿರಲಿಲ್ಲ.

ನಾನು ನೋಡಿದೆ. ಸರ್ವೇಯರ್ ಅಲ್ಲವೇ. ಬೆಲೆ ಐದಾರು ಪಟ್ಟು ಏರಿತ್ತು, ಲಾಭ ಇದ್ದಲ್ಲೇ ಇತ್ತು. ಬರಲಿರುವ ಆರ್ಡರುಗಳ ಸುದ್ದಿ ವಾರಕ್ಕೆರಡು ಬರುತ್ತಿತ್ತು, ಬಂದ ಆರ್ಡರಿನ ಸುದ್ದಿ ಒಂದೂ ಇರಲಿಲ್ಲ. ಯಜಮಾನರು ತಮ್ಮದೇ ಷೇರುಗಳನ್ನು ಮೆಲ್ಲಮೆಲ್ಲಗೆ ಮಾರುತ್ತಿದ್ದರು. ಇದನ್ನೆಲ್ಲ ರಂಗನಾಥನ ಮುಂದಿಟ್ಟೆ.

“ಅವರು ಮಾರದೆ ಇದ್ರೆ ನಾವು ಕೊಂಡ್ಕೊಳ್ಳೋದು ಹೇಗಪ್ಪಾ?” ಎಂದ ಅವನು. 

ನಾನು ಇಷ್ಟು ಎಚ್ಚರದಿಂದ ಇದ್ದವನು ಅಲ್ಲಿಗೇ ಬಿಟ್ಟುಬಿಡಬಹುದಿತ್ತು. ಬಿಡದಂತೆ ಮಾಡಿದ್ದು ನನ್ನ ಹೆಂಡತಿ ಸರಸಳ ಮಂಡಿಗಳು. ನಾವಿರುವುದು ಎರಡನೇ ಮಹಡಿಯಲ್ಲಿ, ಲಿಫ್ಟಿಲ್ಲ, ಮೂವತ್ತೆಂಟು ಮೆಟ್ಟಿಲು. ಅವಳು ಪ್ರತಿ ಆರು ಮೆಟ್ಟಿಲಿಗೊಮ್ಮೆ ನಿಂತು, ನೋವೆಂದು ಒಪ್ಪಿಕೊಳ್ಳದೆ, ಕಿಟಕಿಯಲ್ಲಿ ಏನೋ ನೋಡುವವಳಂತೆ ನಟಿಸುತ್ತಿದ್ದಳು. ಡಾಕ್ಟರು ಎರಡೂ ಮಂಡಿ ಬದಲಿಸಬೇಕು ಎಂದಿದ್ದರು. ನನ್ನ ಪಾಲಿಸಿಯವರು, ಇದು ಮೊದಲೇ ಇದ್ದ ಕಾಯಿಲೆ ಎಂದು, ನಾನು ಜೀವನವಿಡೀ ಬೇರೆಯವರಿಗೆ ತೋರಿಸುತ್ತಿದ್ದ ಸಣ್ಣಕ್ಷರದ ಸಾಲನ್ನೇ ನನಗೆ ತೋರಿಸಿದರು. ನಮ್ಮ ಉಳಿತಾಯದಲ್ಲಿ ಇದ್ದದ್ದು ಒಂದು ಮಂಡಿಗಾಗುವ ದುಡ್ಡು.

“ಒಂದು ಮಾಡಿಸೋಣ ಬಿಡಿ. ಇನ್ನೊಂದು ಅದನ್ನ ನೋಡಿ ಕಲಿಯತ್ತೆ” ಎಂದಳು ಸರಸ.

ಅವಳು ನಗಿಸಲೆಂದೇ ಹೇಳಿದ್ದು. ನನಗೆ ಮಾತ್ರ ಬೇರೆ ಲೆಕ್ಕ ಹೊಳೆಯಿತು. ಷೇರು ಡಬಲ್ ಆದರೆ ಒಂದು ಮಂಡಿ ಎರಡು ಮಂಡಿಯಾಗುತ್ತದೆ. ಆಗದಿದ್ದರೆ? ಇಳಿದರೆ? ಅರ್ಧ ಮಂಡಿ ಎಂಬುದು ವೈದ್ಯಶಾಸ್ತ್ರದಲ್ಲಿ ಇಲ್ಲ. ಮೂವತ್ತೈದು ವರ್ಷ ಜಗತ್ತಿನ ಅಪಾಯಗಳನ್ನು ತೂಗಿದವನು ಒಂದು ವಾರ ನಿದ್ದೆಗೆಟ್ಟು ಇದನ್ನು ತೂಗಿದೆ. ತೂಗಿದಷ್ಟೂ ತಕ್ಕಡಿಯ ಒಂದು ಕಡೆ ಎರಡು ಮಂಡಿಗಳೂ ಮಂಡ್ಯದ ಹಳ್ಳಿ ಹುಡುಗನೂ ಸೇರಿ ಕೂತಿರುತ್ತಿದ್ದರು.

ಕಡೆಗೆ ನನ್ನ ಸೂತ್ರವೇ ದಾರಿ ತೋರಲಿ ಎಂದು ಒಂದು ಸೋಮವಾರ ಬೆಳಿಗ್ಗೆ ಮಣಲಿಯ ಬಸ್ಸು ಹತ್ತಿದೆ. ಮಣಲಿಯಲ್ಲಿ ಇಳಿದರೆ ಮೊದಲು ಸ್ವಾಗತಿಸುವುದು ಪೆಟ್ರೋಲು ಶುದ್ಧಿ ಮಾಡುವ ಕಾರ್ಖಾನೆಯ ಎಣ್ಣೆಯ ವಾಸನೆ. ಅದರಲ್ಲಿ ಹತ್ತು ನಿಮಿಷ ನಡೆದರೆ ನಮ್ಮ ಭವಿಷ್ಯದ ಕಾರ್ಖಾನೆ. ಗೇಟಿನ ಮೇಲೆ ಹೊಸ ಹೆಸರಿನ ಬೋರ್ಡು ಎಷ್ಟು ಉದ್ದವಾಗಿತ್ತೆಂದರೆ ಗೋಡೆ ಸಾಲದೆ ‘ಟೆಕ್’ ಪಕ್ಕದ ಮನೆಯ ನುಗ್ಗೆಮರದ ಹಿಂದೆ ಹೋಗಿತ್ತು. ಮೂರು ಪಾಳಿಯಲ್ಲಿ ಮುನ್ನೂರು ಜನ ದುಡಿಯುತ್ತಾರೆ ಎಂದು ವಾರ್ಷಿಕ ಸಭೆಯಲ್ಲಿ ಯಜಮಾನರು ಹೇಳಿದ್ದರು. ಗೇಟಿನ ಮುಂದೆ ಒಂದು ನಾಯಿ ಮಲಗಿತ್ತು, ಅದು ಯಾರ ಕಾಲ ಸಪ್ಪಳಕ್ಕೂ ಏಳುವ ಅಗತ್ಯ ಬಿದ್ದು ಬಹಳ ದಿನವಾದ ಹಾಗೆ ಕಂಡಿತು.

ಎದುರಿನ ಟೀ ಅಂಗಡಿಯಲ್ಲಿ ಕೂತು ಒಂದು ಟೀ ಹೇಳಿ, ಏನೂ ತಿಳಿಯದವನಂತೆ, ಕಂಪನಿಗೆ ದಿನಕ್ಕೆ ಎಷ್ಟು ಟೀ ಹೋಗುತ್ತದೆ ಎಂದು ತಮಿಳಿನಲ್ಲಿ ಕೇಳಿದೆ.

“ನಾಲು ಟೀ ಸಾರ್. ಸಿಲ ನಾಳ್ ಮೂಣು” ಎಂದ ಅವನು. ನಾಲ್ಕು, ಕೆಲವು ದಿನ ಮೂರು.

ಮುನ್ನೂರು ಜನಕ್ಕೆ ನಾಲ್ಕು ಟೀ. ನನ್ನ ಸೂತ್ರ ಇದಕ್ಕಿಂತ ಸ್ಪಷ್ಟವಾಗಿ ಯಾವತ್ತೂ ಮಾತಾಡಿರಲಿಲ್ಲ. ಮನಸ್ಸಿನಲ್ಲೇ ‘ಕ್ಲೇಮು ತಿರಸ್ಕೃತ’ ಎಂದು ಷರಾ ಬರೆದು, ಬಸ್ಸಿಗೆ ಹೊರಟಿದ್ದೇನೆ ಎಂದು ಸರಸಳಿಗೆ ಫೋನು ಮಾಡಿದೆ. ಮಾತಾಡಿ ಮುಗಿಸುವಷ್ಟರಲ್ಲಿ ಖಾಕಿ ಶರ್ಟಿನ ಒಬ್ಬ, ಕೈಯಲ್ಲಿ ಸಣ್ಣ ಫ್ಲಾಸ್ಕು ಹಿಡಿದುಕೊಂಡು, ನನ್ನ ಮುಂದೆ ಹಲ್ಲು ಕಿರಿದು ನಿಂತಿದ್ದ.

“ಏನ್ ಸ್ವಾಮಿ, ನಮ್ ಕಡಿಯವ್ರಾ?”

ಕಂಪನಿಯ ವಾಚ್‌ಮನ್ ಮಾದೇವ. ಊರು ಕೊಳ್ಳೇಗಾಲದ ಹತ್ತಿರ. ನಮ್ಮಪ್ಪ ಯಳಂದೂರಿನವರು ಎಂದದ್ದೇ ತಡ, “ಅಯ್, ನಮ್ ಪಕ್ಕದೂರೇ ಆಯ್ತಲ್ಲ! ಬನ್ನಿ ಸ್ವಾಮಿ, ಒಳ್ಗ ಬಂದು ಕೂತ್ಕಳಿ” ಎಂದು ಕೈ ಹಿಡಿದುಕೊಂಡ. ನಮ್ಮಪ್ಪ ತೀರಿಕೊಂಡ ಮೇಲೆ ಆ ರಾಗದ ಕನ್ನಡವನ್ನು ನಾನು ಕೇಳಿರಲಿಲ್ಲ. ‘ಒಳಗೆ’ ಎನ್ನುವುದನ್ನು ‘ಒಳ್ಗ’ ಎಂದು ಎಳೆಯುವ ಆ ಒಂದು ಮಾತಿಗೆ ನಾನು ಬಸ್ಸನ್ನು ಮರೆತು ಅವನ ಹಿಂದೆ ಹೊರಟೆ. ಸುಳ್ಳೇಕೆ ಹೇಳಲಿ, ಆ ಕ್ಷಣದಲ್ಲಿ ಅವನ ಹತ್ತಿರ ಒಂದು ಟೇಬಲ್ ಫ್ಯಾನ್ ಇದ್ದಿದ್ದರೆ ಕೊಂಡುಬಿಡುತ್ತಿದ್ದೆ.

ಒಳಗೆ ಒಂದೇ ಒಂದು ಯಂತ್ರ ಟಕ ಟಕ ಎನ್ನುತ್ತಾ ನೀಲಿ ಮುಚ್ಚಳ ಉದುರಿಸುತ್ತಿತ್ತು. ಅದರ ಹತ್ತಿರ ಇಬ್ಬರು, ಮೇಜಿನ ಹತ್ತಿರ ಒಬ್ಬ ಗುಮಾಸ್ತ. ಮಾದೇವನನ್ನು ಸೇರಿಸಿದರೆ ಟೀ ಲೆಕ್ಕ ಸರಿಹೋಯಿತು. ಉಳಿದ ಅಷ್ಟಗಲ ಜಾಗವೂ ಖಾಲಿ, ಆದರೆ ಒಂದು ಕಸಕಡ್ಡಿ ಇರಲಿಲ್ಲ.

“ದೊಡ್ಡ ಮಿಷನ್ನು ಬತ್ತದಂತ ಸ್ವಾಮಿ. ಯಾವತ್ತು ಬತ್ತದೋ ಏನೋ ಅಂತ ದಿನಾಲೂ ಗುಡ್ಸಿ ಮಡಗಿವ್ನಿ” ಎಂದ ಮಾದೇವ. ಅವನ ಮುಖದಲ್ಲಿ ಮನೆಗೆ ಸೊಸೆ ಬರುವ ಸಂಭ್ರಮವಿತ್ತು. ಆಮೇಲೆ ಧ್ವನಿ ತಗ್ಗಿಸಿ, ತಾನೂ ಷೇರು ಕೊಂಡಿರುವುದಾಗಿ ಹೇಳಿದ. ಮಗಳು ನರ್ಸಿಂಗ್ ಓದಬೇಕೆಂದು ಕೂಡಿಟ್ಟದ್ದನ್ನೆಲ್ಲ ಹಾಕಿದ್ದ. ಗುಮಾಸ್ತ ಫೋನಿನಲ್ಲಿ ಮಾಡಿಕೊಟ್ಟಿದ್ದ. “ಯಜಮಾನ್ರು ಮಂಡ್ಯದವ್ರು ಕನ ಸ್ವಾಮಿ, ನಮ್ಮವ್ರು. ಕೈ ಬುಟ್ಟಾರಾ?” ಎಂದವನು ಸ್ವಲ್ಪ ತಡೆದು, “ನೀವು ಓದ್ಕಂಡೋರು. ನಾ ಮಾಡಿರದು ಸರೀನಾ?” ಎಂದು ಕೇಳಿದ.

ಟೀ ಅಂಗಡಿಯವನು ಹೇಳಿದ ಸಂಖ್ಯೆ ಇನ್ನೂ ನನ್ನ ಕಿವಿಯಲ್ಲೇ ಇತ್ತು. ನಾನು ಅದನ್ನು ಹೇಳಲಿಲ್ಲ. “ದೇವರಿದ್ದಾನೆ ಬಿಡು ಮಾದೇವ” ಎಂದೆ. ಏನೂ ಹೇಳಬಾರದೆಂದಿರುವಾಗ ನಾವು ದೇವರನ್ನು ಕರೆಯುತ್ತೇವೆ.

ಬಸ್ಸಿನಲ್ಲಿ ಬರುವಾಗ ನನ್ನೊಳಗಿನ ಸರ್ವೇಯರಿಗೂ ಗುಂಡ್ಲುಪೇಟೆಯ ಫ್ಯಾನು ಕೊಂಡವರ ಮಗನಿಗೂ ಜಗಳ ಹತ್ತಿತು. ನಾಲ್ಕು ಟೀ ಎಂದರೆ ನಾಲ್ಕೇ ಜನ ಎಂದು ಯಾಕಾಗಬೇಕು? ಉಳಿದವರು ಕಾಫಿ ಕುಡಿಯುವವರಿರಬಹುದು. ಬರುವುದು ಎಐ, ಯಂತ್ರಗಳು ಟೀ ಕುಡಿಯುತ್ತವೆಯೇ? ಅಷ್ಟು ಶ್ರದ್ಧೆಯಿಂದ ಖಾಲಿ ಜಾಗ ಗುಡಿಸುವ ಮನುಷ್ಯ ಇರುವ ಕಂಪನಿ ಹೇಗೆ ಮುಳುಗೀತು? ಪೆರಂಬೂರು ಬರುವಷ್ಟರಲ್ಲಿ ಸರ್ವೇಯರ್ ಸೋತಿದ್ದ. ಮನೆಗೆ ಬಂದು ಸರಸಳಿಗೆ ಮಾದೇವನ ವಿಷಯ, ಅವನ ಮಗಳ ವಿಷಯ, ಗುಡಿಸಿದ ಜಾಗದ ವಿಷಯ ಎಲ್ಲ ಹೇಳಿದೆ. ಟೀ ವಿಷಯ ಮಾತ್ರ ಹೇಳಲಿಲ್ಲ.

ಮಂಗಳವಾರ ಬೆಳಿಗ್ಗೆ ಬ್ಯಾಂಕಿನಿಂದ ಮಂಡಿಯ ದುಡ್ಡನ್ನು ಷೇರಿನ ಖಾತೆಗೆ ಸಾಗಿಸಿ, ರಂಗನಾಥ ನನ್ನ ಫೋನಿನಲ್ಲಿ ಹಾಕಿಕೊಟ್ಟಿದ್ದ ಆ್ಯಪಿನಲ್ಲಿ ಆರ್ಡರು ಒತ್ತಿದೆ. ಷೇರು ಸಿಗಲಿಲ್ಲ. ಇಂಥ ಷೇರುಗಳ ಬೆಲೆ ಒಂದು ದಿನಕ್ಕೆ ಇಷ್ಟೇ ಏರಬಹುದು, ಇಷ್ಟೇ ಇಳಿಯಬಹುದು ಎಂದು ಮಾರುಕಟ್ಟೆಯವರು ಮೇಲೊಂದು ಕೆಳಗೊಂದು ಗೆರೆ ಹಾಕಿರುತ್ತಾರೆ. ಬೆಲೆ ಬೆಳಿಗ್ಗೆಯೇ ಮೇಲಿನ ಗೆರೆಗೆ ತಲೆ ತಾಗಿಸಿ ನಿಲ್ಲುತ್ತದೆ. ನಾಳೆ ಇನ್ನೂ ಏರುತ್ತದೆಂದು ಮಾರುವವರು ಯಾರೂ ಇರುವುದಿಲ್ಲ, ಕೊಳ್ಳುವವರು ಮಾತ್ರ ಸಾಲಾಗಿ ನಿಂತಿರುತ್ತಾರೆ. ಆ ಸಾಲಿನಲ್ಲಿ ನನ್ನ ಮುಂದೆ ಲಕ್ಷಗಟ್ಟಲೆ ಆರ್ಡರುಗಳಿದ್ದವು. ಬುಧವಾರವೂ ಹಾಗೇ ಆಯಿತು. ಗುರುವಾರವೂ ಹಾಗೇ. ಮೂರು ದಿನ ಹಲ್ಲು ಕಚ್ಚಿಕೊಂಡು ಫೋನು ನೋಡುತ್ತಾ ಕೂತೆ. ಸಿಗದ ಹುಡುಗಿಯ ಹಾಗೆ ಅದು ದಿನದಿನಕ್ಕೂ ಚೆಲುವಾಯಿತು. ಶುಕ್ರವಾರ ಒಂಬತ್ತು ಗಂಟೆಗೆ ಸರಿಯಾಗಿ ಮೊದಲು ಒತ್ತಿ ಸಾಲಿನಲ್ಲಿ ಮುಂದೆ ನಿಲ್ಲಬೇಕೆಂದು ಅಲಾರಂ ಇಟ್ಟುಕೊಂಡೆ.

ಶುಕ್ರವಾರ ಬೆಳಿಗ್ಗೆ ಸರಸಳಿಗೆ ಮಂಡಿ ನೋವು ಜೋರಾಯಿತು. “ಇವತ್ತೇ ಎಕ್ಸ್‌ರೇ ತೆಗೆಸ್ಬೇಕು ರೀ, ಈಗ್ಲೇ” ಎಂದಳು. ಎಂದೂ ನೋವೆನ್ನದವಳು ಹಾಗೆಂದಾಗ ಅಲಾರಂ ಯಾರಿಗೆ ನೆನಪಿರುತ್ತದೆ? ಆಸ್ಪತ್ರೆಯಲ್ಲಿ ನಮ್ಮ ಮುಂದೆ ಹದಿನಾರು ಜನ. ಒಬ್ಬರ ಕೈ, ಒಬ್ಬರ ಸೊಂಟ, ಒಬ್ಬರ ಎದೆ ಎಂದು ಮುಗಿದು, ನಮ್ಮದಾಗಿ ನಾನು ಫೋನು ತೆಗೆದಾಗ ಹನ್ನೆರಡು ಗಂಟೆ. ಬೆಲೆ ಕೆಳಗಿನ ಗೆರೆಗೆ ಬಿದ್ದಿತ್ತು. ಈಗ ಮಾರುವವರ ಸಾಲು, ಕೊಳ್ಳುವವನು ಒಬ್ಬನೂ ಇಲ್ಲ. ಒಂಬತ್ತು ಗಂಟೆಗೆ ನಾನು ಒತ್ತಿದ್ದರೆ ಆ ಕೊನೆಯ ಕೊಳ್ಳುವವನು ನಾನೇ ಆಗಿರುತ್ತಿದ್ದೆ.

ಮುಂದಿನ ದಿನಗಳಲ್ಲೂ ಅದು ದಿನಕ್ಕೊಂದು ಗೆರೆ ಇಳಿಯುತ್ತಾ ಹೋಯಿತು, ಇಳಿಯುವವರಿಗೆ ಬಾಗಿಲು ತೆರೆಯಲೇ ಇಲ್ಲ. ಲೆಕ್ಕ ಸುಳ್ಳೆಂದು ತನಿಖೆ ಶುರುವಾಯಿತು. ಮಂಡ್ಯದ ಹಳ್ಳಿ ಹುಡುಗ ದುಬೈಯಲ್ಲಿದ್ದಾನೆಂದು ಕೆಲವರು, ಇಲ್ಲ, ಅವನು ಮಂಡ್ಯವನ್ನೇ ನೋಡಿಲ್ಲ, ಆ ಮೂರು ಸಾಲು ಬಾಯಿಪಾಠ ಮಾಡಿದ್ದು ಎಂದು ಕೆಲವರು. ನಮ್ಮ ಬಳಗಕ್ಕೆ ದುಡ್ಡು ಹೋದದ್ದಕ್ಕಿಂತ ಈ ಎರಡನೆಯ ಸುದ್ದಿಯೇ ಹೆಚ್ಚು ನೋವು ಕೊಟ್ಟಿತು.

ಎರಡು ತಿಂಗಳ ನಂತರ ಬಳಗ ಮತ್ತೆ ಸೇರಿತು. ಸರಸ ಹೊಸ ಬಲ ಮಂಡಿಯೊಂದಿಗೆ, ಕೋಲೂರಿಕೊಂಡು ಬಂದಿದ್ದಳು. ದಂಡದ ಡಬ್ಬಿಯ ಹಣವನ್ನೂ ರಂಗನಾಥ ಆ ಷೇರಿಗೇ ಹಾಕಿದ್ದನೆಂದು ಅಂದು ತಿಳಿಯಿತು. ನವೆಂಬರು ಹತ್ತಿರ ಬರುತ್ತಿತ್ತು. ಕಮಲಮ್ಮನವರು ಎದ್ದು ನಿಂತು, “ರಾಜ್ಯೋತ್ಸವಕ್ಕೆ ದುಡ್ಡಿಲ್ಲ. ದಯವಿಟ್ಟು ಎಲ್ಲರೂ ಸ್ವಲ್ಪ ಹೆಚ್ಚಾಗಿ ತಮಿಳು ಮಾತಾಡಿ” ಎಂದು ಕೇಳಿಕೊಂಡರು. ಕನ್ನಡಕ್ಕಾಗಿ ಎಲ್ಲರೂ ಆ ತ್ಯಾಗಕ್ಕೆ ಸಿದ್ಧರಾದರು.

ಆಮೇಲೆ ರಂಗನಾಥ ನನಗೆ ಶಾಲು ಹೊದಿಸಿದ. ಇಪ್ಪತ್ತು ಮನೆಗಳಲ್ಲಿ ಆ ಷೇರು ಕೊಳ್ಳದವನು ನಾನೊಬ್ಬನೇ. “ನಮ್ಮಲ್ಲಿ ಒಬ್ಬನಿಗಾದ್ರೂ ಬುದ್ಧಿ ಇತ್ತಲ್ಲಪ್ಪಾ. ಎರಡು ಮಾತಾಡು” ಎಂದ. ಅವನ ಮುಖ ಎರಡೇ ತಿಂಗಳಲ್ಲಿ ಇಳಿದುಹೋಗಿತ್ತು. ನಾನು ‘ಬೇಡ’ ಎಂದು ಕೂತುಬಿಡಬೇಕಿತ್ತು. ಶಾಲಿನ ಬಿಸಿಗೆ ನಾಲಿಗೆ ಸಡಿಲವಾಯಿತೋ ಏನೋ, ಸಕ್ಕರೆ ಗೋದಾಮಿನಿಂದ ಶುರು ಮಾಡಿದೆ. ಸೂತ್ರ ಹೇಳಿದೆ. ಮಣಲಿಗೆ ಹೋದದ್ದು, ನಾಯಿ ಮಲಗಿದ್ದದ್ದು, ಮುನ್ನೂರು ಜನಕ್ಕೆ ನಾಲ್ಕು ಟೀ ಎಂದು ಟೀಯವನ ಬಾಯಿಂದ ಹೊರಡಿಸಿದ್ದು, ಎಲ್ಲ ಹೇಳಿ, “ಅಲ್ಲೇ ನನಗೆ ಗೊತ್ತಾಯಿತು” ಎಂದು ಮುಗಿಸಿದೆ. ಜೋರು ಚಪ್ಪಾಳೆ ಬಿತ್ತು. ಸರಸ ಚಪ್ಪಾಳೆ ತಟ್ಟಲಿಲ್ಲ. ಕೈಯಲ್ಲಿ ಕೋಲಿತ್ತು ಎಂದುಕೊಂಡೆ.

ಮನೆಗೆ ಬಂದು ಅವಳು ಗೋಡೆಯ ಪಕ್ಕದ ಕುರ್ಚಿಯಲ್ಲಿ, ಫ್ಯಾನಿನ ಎಡಕ್ಕೆ, ಕೂತಳು. ತನ್ನ ಫೋನು ತೆಗೆದು ಮೇಜಿನ ಮೇಲಿಟ್ಟಳು. ನಮ್ಮದು ಜಂಟಿ ಖಾತೆ. ಬ್ಯಾಂಕಿನ ಸಂದೇಶಗಳು ಬರುವುದು ಅವಳ ನಂಬರಿಗೆ. ನಾನು ಅದನ್ನು ಮರೆತೇಬಿಟ್ಟಿದ್ದೆ.

“ನೀವು ಮಣಲಿಗೆ ಹೋಗಿದ್ದು ಸೋಮವಾರ. ದುಡ್ಡು ಹೋಗಿದ್ದು ಮಂಗಳವಾರ” ಎಂದಳು. “ನೀವಾಗೇ ಹೇಳ್ತೀರೇನೋ ಅಂತ ಮೂರು ದಿನ ಕಾದೆ. ಒಂಬತ್ತಕ್ಕೆ ಅಲಾರಂ ಇಟ್ಟಿದ್ದು ನೋಡಿದ್ಮೇಲೆ ನಾಲ್ಕನೇ ದಿನ ಕಾಯೋಕಾಗ್ಲಿಲ್ಲ.”

“ಹಾಗಾದ್ರೆ ಅವತ್ತು ನೋವು...”

“ನೋವು ದಿನಾ ಇರತ್ತೆ. ಅವತ್ತೇನೂ ಹೆಚ್ಚಿರ್ಲಿಲ್ಲ.”

ನಾನು ಶಾಲು ತೆಗೆದು ಮಡಿಚತೊಡಗಿದೆ. ಮಡಿಕೆ ಸರಿ ಬರಲಿಲ್ಲ. ನಾಚಿಕೆಯಾಗಿತ್ತು ಎಂದು ಬೇರೆ ಹೇಳಬೇಕಾಗಿಲ್ಲ. ಅವಳು ಬೈದಿದ್ದರೆ ವಾಸಿಯಿತ್ತು. ಬೈಗುಳಕ್ಕೆ ನಾನು ವಾದ ಮಾಡಬಲ್ಲೆ. ಅವಳು ಇನ್ನೊಂದೇ ಪ್ರಶ್ನೆ ಕೇಳಿದಳು.

“ನಾಲ್ಕು ಟೀ ಅಂತ ಆ ಮಾದೇವನಿಗೆ ಹೇಳಿದ್ರಾ?”

ಮಾರನೆಯ ದಿನ ಮಣಲಿಯ ಬಸ್ಸು ಹತ್ತಿದೆ. ಬೋರ್ಡಿನ ಮೇಲೆ ಯಾವುದೋ ಇಲಾಖೆಯ ನೋಟಿಸು ಅಂಟಿಸಿದ್ದರು. ನಾಯಿ ಇತ್ತು. ಗೇಟಿನೊಳಗೆ ಸ್ಟೂಲಿನ ಮೇಲೆ ಮಾದೇವ ಇದ್ದ, ಅದೇ ಖಾಕಿ ಶರ್ಟು. ಎರಡು ತಿಂಗಳಿಂದ ಸಂಬಳವಿಲ್ಲವಂತೆ. ಮತ್ತೆ ಯಾಕೆ ಕಾಯುತ್ತಿದ್ದೀಯ ಎಂದರೆ, “ಬೀಗ ನನ್ ಕೈಲದ ಸ್ವಾಮಿ, ಯಾರ್ಗ ಕೊಟ್ಟೋಗ್ಲಿ?” ಎಂದ. ಮಗಳು ಕಾಲೇಜಿಗೆ ಸೇರಲಿಲ್ಲ, ಊರಲ್ಲಿ ಒಂದು ಬಟ್ಟೆ ಅಂಗಡಿಗೆ ಹೋಗುತ್ತಿದ್ದಾಳೆ. ಅದನ್ನು ಹೇಳಿ ಅವನು ರಸ್ತೆಯ ಆಚೆಗೆ ಕೈ ಎತ್ತಿ ಎರಡು ಬೆರಳು ತೋರಿಸಿದ. ಎರಡು ಟೀ ಬಂದವು, ಒಂದು ಅವನಿಗೆ, ಒಂದು ನನಗೆ. ನಾನು ಜೇಬಿಗೆ ಕೈ ಹಾಕಿದರೆ ಅವನು ಬಿಡಲಿಲ್ಲ.

“ಸ್ವಾಮಿ, ಒಂದ್ ಮಾತು” ಎಂದ, ಲೋಟ ನೋಡುತ್ತಾ. “ಟೀ ಅಂಗಡಿಯವ್ನು ಏಳ್ದ. ಅವತ್ತು ನಾನು ಬರಕ್ ಮುಂಚೇನೇ, ಈ ಕಂಪ್ನಿಗ ಎಷ್ಟ್ ಟೀ ಒಯ್ತವ ಅಂತ ಕೇಳುದ್ರಂತಲ್ಲ. ಅಂಗಾರ ನಿಮ್ಗ ಆಗ್ಲೇ ಗೊತ್ತಿತ್ತಾ?”

“ಗೊತ್ತಿತ್ತು ಮಾದೇವ” ಎಂದೆ.

ಅವನು ತಲೆಯಾಡಿಸಿದ. ಸಿಟ್ಟಿಲ್ಲ, ಲೆಕ್ಕ ಸರಿಯಾಯಿತು ಎನ್ನುವವನ ಹಾಗೆ. ಎದ್ದು, ಗೋಡೆಗೊರಗಿಸಿದ್ದ ಪೊರಕೆ ತೆಗೆದುಕೊಂಡು, ದೊಡ್ಡ ಮಿಷನ್ನು ಬರಬೇಕಾಗಿದ್ದ ಜಾಗದ ಕಡೆ ಎರಡು ಹೆಜ್ಜೆ ಇಟ್ಟವನು ತಿರುಗಿ ನೋಡಿದ. ನನ್ನ ಲೋಟ ಹಾಗೇ ಇತ್ತು.

“ಕುಡೀರಿ ಸ್ವಾಮಿ, ಆರೋಯ್ತದ” ಎಂದ.

ನಮ್ಮಪ್ಪನ ಮಾತು, ನಮ್ಮಪ್ಪನದೇ ರಾಗ. ಈ ಊರಿನ ಬೀದಿಗಳಲ್ಲಿ ಅರವತ್ತೇಳು ವರ್ಷ, ಎಲ್ಲಿಂದಲಾದರೂ ಕನ್ನಡ ಕೇಳಿಸೀತೇ ಎಂದು ಕಿವಿ ನಿಮಿರಿಸಿಕೊಂಡು ಓಡಾಡಿದವನಿಗೆ, ಇವನು ನನ್ನೊಡನೆ ತಮಿಳಿನಲ್ಲಿ ಮಾತಾಡಬಾರದಿತ್ತೇ ಎಂದು ಮೊದಲ ಸಲ ಅನ್ನಿಸಿತು.